ದೋಸ್ತರ ಕೂಡ ಹೊರಟಾಗ

"ಅಪ್ಪಾ, ಪರೀಕ್ಷಾ ಮುಗದ್ವು. ನಾವು ನಾಕ್ ಮಂದಿ ದೋಸ್ತರು ಕೂಡಿ ಗೋವಾಕ್ಕ ಹೊಂಟೀವಿ."

"ಗೋವಾಕ್ಕ? ಅಲ್ಲೇನೈತಿ?"

"ಸಮುದ್ರ ಐತಿ."

"ಸಮುದ್ರ ಅಷ್ಟ ಐತೇನು?"

ಇಲ್ಲಿಗೆ ಮಾತು ನಿಂತುಬಿಡುತ್ತದೆ. ಮಗ ತನ್ನ ಚಪ್ಪಲಿಯ ಕಡೆಗೆ ನೋಡುತ್ತಾನೆ. ಅಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದು ನಿಲ್ಲುತ್ತಾನೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಗಳಿಗೆ ಸುಮ್ಮನಾಗುತ್ತದೆ. ಅಪ್ಪ ಕೇಳಬೇಕೆಂದಿದ್ದುದನ್ನು ಕೇಳಲಿಲ್ಲ, ಮಗ ಹೇಳಬೇಕಾದುದನ್ನು ಹೇಳಲಿಲ್ಲ. ಇಬ್ಬರಿಗೂ ಗೊತ್ತಿರುವ ಒಂದು ಶಬ್ದ ಮಾತ್ರ ನಡುವೆ ಬಾಯಿ ಬಿಡದೆ ಕೂತಿರುತ್ತದೆ.

ಈ ಸಂಭಾಷಣೆ ಇಂಥದೇ ಒಂದು ಮನೆಯಲ್ಲಿ ನಡೆಯಿತು ಎಂದು ಹೇಳುವ ಅಗತ್ಯವಿಲ್ಲ. ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ, ಹೊನವಾಡದಲ್ಲಿ, ಕನಮಡಿಯಲ್ಲಿ, ಹುಡುಗರು ಹಾಸ್ಟೆಲಿನಿಂದ ಊರಿಗೆ ಬರುವ ಬೇಸಿಗೆಯಲ್ಲಿ ಇದು ನಡೆಯುತ್ತಲೇ ಇರುತ್ತದೆ. ಬೇರೆ ಊರುಗಳಲ್ಲಿಯೂ ನಡೆಯುತ್ತದೆ. ಆದರೆ ಬಿಜ್ಜರಗಿಯಂಥ ಊರಿನಲ್ಲಿ ಈ ಮಾತಿಗೆ ಒಂದು ವಿಶೇಷವಿದೆ. ಇದು ದ್ರಾಕ್ಷಿಯ ಸೀಮೆ. ಮಗನ ಕಾಲೇಜಿನ ಫೀ ಬಂದುದು ದ್ರಾಕ್ಷಿಯಿಂದ. ಪ್ರವಾಸಕ್ಕೆ ಅವನು ಕೇಳುತ್ತಿರುವ ದುಡ್ಡೂ ದ್ರಾಕ್ಷಿಯದೇ. ಅಪ್ಪ ಹೆಸರು ಹೇಳಲು ಹಿಂಜರಿದ ಆ ವಸ್ತು ಕೂಡ ಮೂಲದಲ್ಲಿ ದ್ರಾಕ್ಷಿಗೆ ದೂರದ ನೆಂಟನೇನೂ ಅಲ್ಲ.

ಹಾಗಾಗಿ ಮಾತು ಎಲ್ಲಿ ನಿಂತಿತೋ ಅಲ್ಲಿಂದಲೇ ಎತ್ತಿಕೊಳ್ಳುವುದು ಒಳ್ಳೆಯದು. ಅದಕ್ಕೆ ಮೊದಲು ಪಡದೊಳಗೆ ಒಂದು ಸುತ್ತು ಹಾಕಿ ಬರೋಣ.

ತಿಕೋಟಾ, ಬಬಲೇಶ್ವರ ಸೀಮೆಯ ಬೆಳೆಗಾರರು ಹೆಚ್ಚಾಗಿ ಬೆಳೆಯುವುದು ಬೀಜವಿಲ್ಲದ ಥಾಮ್ಸನ್ ಜಾತಿಯ ದ್ರಾಕ್ಷಿಯನ್ನು. ವರ್ಷಕ್ಕೆ ಎರಡು ಸಲ ಚಾಟ್ನಿ. ಬೇಸಿಗೆಯ ಚಾಟ್ನಿ ಬಳ್ಳಿಯನ್ನು ಕಟ್ಟುವುದಕ್ಕೆ, ಅಕ್ಟೋಬರ್ ಸುಮಾರಿನ ಚಾಟ್ನಿ ಹಣ್ಣು ಹಿಡಿಸುವುದಕ್ಕೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು. ಹಸಿಹಣ್ಣಾಗಿ ಪೇಟೆಗೆ ಹೋಗುವುದು ಒಂದು ಪಾಲು, ಉಳಿದದ್ದು ಮನೂಕ ಆಗುತ್ತದೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಎರಡು ವಾರದ ಸುಮಾರಿಗೆ ಒಣಗುತ್ತದೆ. ನಾಲ್ಕು ಕಿಲೊ ಹಣ್ಣಿಗೆ ಸುಮಾರು ಒಂದು ಕಿಲೊ ಮನೂಕ. ಆ ಎರಡು ವಾರಗಳಲ್ಲಿ ಅಕಾಲಿಕ ಮಳೆ ಬಂತೋ, ವರ್ಷದ ದುಡಿಮೆ ಕಣ್ಣೆದುರಿಗೇ ಕಪ್ಪಾಗಿ ಹೋಗುತ್ತದೆ.

ನೀರಿನ ಕತೆ ಇನ್ನೊಂದು. ಬೋರು ಬತ್ತಿದ ವರ್ಷಗಳಲ್ಲಿ ಈ ಭಾಗದ ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ಬಳ್ಳಿಯ ಬುಡಕ್ಕೆ ಹನಿಸಿದ್ದುಂಟು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಹತ್ತಿ ಬಂದುದು ತೀರ ಈಚಿನ ಮಾತು. ಕಾಲೇಜಿಗೆ ಹೋದ ಮಗನಿಗೆ ಆ ಟ್ಯಾಂಕರುಗಳ ನೆನಪು ಮಸುಕಾಗಿರಬಹುದು. ಅಪ್ಪನಿಗೆ ಮಸುಕಾಗಿರುವುದಿಲ್ಲ. "ಎಷ್ಟ್ ರೊಕ್ಕ ಬೇಕು?" ಎಂದು ಕೇಳುವ ಅಪ್ಪನ ದನಿಯಲ್ಲಿ ಕೇಳಿಸುವ ಬಿಗುವು ಜಿಪುಣತನದ್ದಲ್ಲ, ಆ ಟ್ಯಾಂಕರುಗಳದ್ದು.

ಈಗ ಪಿಯುಸಿಯ ರಸಾಯನಶಾಸ್ತ್ರವನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಕಳಿತ ದ್ರಾಕ್ಷಿಯ ರಸದಲ್ಲಿ ಐದನೆಯ ಒಂದು ಪಾಲಿನಷ್ಟು ಸಕ್ಕರೆ ಇರುತ್ತದೆ. ಯೀಸ್ಟ್ ಎಂಬ ಏಕಕೋಶ ಜೀವಿ ಆ ಸಕ್ಕರೆಯನ್ನು ತಿಂದು, ಗ್ಲುಕೋಸಿನ ಒಂದೊಂದು ಅಣುವಿಗೆ ಎರಡು ಅಣು ಆಲ್ಕೊಹಾಲನ್ನೂ ಎರಡು ಅಣು ಇಂಗಾಲದ ಡೈ ಆಕ್ಸೈಡನ್ನೂ ಹೊರಗೆ ಬಿಡುತ್ತದೆ. ವೈನಿನ ಗುಟ್ಟು ಇಷ್ಟೇ. ಅದೇ ಹಣ್ಣಿನಿಂದ ನೀರನ್ನು ತೆಗೆದುಬಿಟ್ಟರೆ ಯೀಸ್ಟ್ ಬದುಕಲಾರದು, ಹಣ್ಣು ಮನೂಕವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಒಂದೇ ಗೊನೆ, ಎರಡು ದಾರಿ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಾಗ ಬೆಂಗಳೂರಿನ ಸುತ್ತಲಿನ ನಂದಿ ಕಣಿವೆಯ ಜೊತೆಗೆ, ವಿಜಯಪುರವೂ ಸೇರಿದ ಕೃಷ್ಣಾ ಕಣಿವೆಯ ಹೆಸರೂ ಕೇಳಿಬಂತು. ವೈನಿಗೆ ಬೇಕಾಗುವ ಶಿರಾಜ್, ಕ್ಯಾಬರ್ನೆ ಮೊದಲಾದ ಜಾತಿಗಳು ಬೇರೆ, ತಿನ್ನುವ ಥಾಮ್ಸನ್ ಬೇರೆ. ಆದರೂ ತನ್ನ ಹೊಲದ ಹಣ್ಣಿನ ಕುಲಬಾಂಧವನೇ ದೊಡ್ಡ ಊರಿನ ಹೋಟೆಲುಗಳಲ್ಲಿ ಗಾಜಿನ ಲೋಟ ಸೇರುತ್ತಾನೆಂಬುದು ಇಲ್ಲಿನ ರೈತನಿಗೆ ಗೊತ್ತಿರುವ ಸಂಗತಿಯೇ. ಗೊತ್ತಿದ್ದೂ ಮನೆಯಲ್ಲಿ ಆಡುವುದಿಲ್ಲ. ಹೀಗೆ ಆಡದೆ ಉಳಿದ ಮಾತನ್ನು ಮಕ್ಕಳು ಹೊರಗೆ, ತಮ್ಮಷ್ಟೇ ಅರ್ಧ ತಿಳಿದವರಿಂದ ಕಲಿಯುತ್ತಾರೆ.

ಹೊಸ ಚಟವೊಂದು ಊರಿಗೆ ಬರುವ ಬಗೆ ಹೇಗೆ? ಇದಕ್ಕೆ ವಿಜಯಪುರದ ಇತಿಹಾಸದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರ್ ಬಾದಶಹನ ದೂತನಾಗಿ ಅಸದ್ ಬೇಗ್ ಎಂಬವನು ಬಿಜಾಪುರಕ್ಕೆ ಬಂದಿದ್ದ. ತಾನು ಹಿಂದೆಂದೂ ಕಾಣದ ತಂಬಾಕು ಎಂಬ ವಸ್ತು ಅವನಿಗೆ ಇಲ್ಲಿ ಕಣ್ಣಿಗೆ ಬಿತ್ತು. ಸ್ವಲ್ಪ ತಂಬಾಕನ್ನೂ ರತ್ನ ಕೂರಿಸಿದ ಒಂದು ಚಂದದ ಕೊಳವೆಯನ್ನೂ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಕುತೂಹಲದಿಂದ ಒಂದೆರಡು ಸಲ ಎಳೆದು ನೋಡಿದ. ಆಸ್ಥಾನದ ಹಕೀಮ ತಡೆದ. ಹಿಂದಿನವರು ಇದರ ಗುಣದೋಷವನ್ನು ಎಲ್ಲಿಯೂ ಬರೆದಿಲ್ಲ, ಪರೀಕ್ಷೆಯಾಗದ ವಸ್ತುವನ್ನು ದೊರೆ ಸೇವಿಸಬಾರದೆಂದು ಅವನ ವಾದ. ಪರದೇಶದವರು ಸೇವಿಸುತ್ತಾರಲ್ಲ, ಅವರಲ್ಲಿ ತಿಳಿದವರಿಲ್ಲವೇ ಎಂದು ದೂತನ ಪ್ರತಿವಾದ. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಆಸ್ಥಾನದ ಅಮೀರರು ಬಿಡಲಿಲ್ಲ. ಅವರನ್ನು ನೋಡಿ ಉಳಿದವರು, ಉಳಿದವರನ್ನು ನೋಡಿ ವ್ಯಾಪಾರಿಗಳು. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಅಷ್ಟರಲ್ಲಿ ಹೊಗೆ ದೇಶವನ್ನೆಲ್ಲ ಹಬ್ಬಿತ್ತು.

ನಾಲ್ಕು ನೂರು ವರ್ಷಗಳ ಹಿಂದಿನ ಈ ಪ್ರಸಂಗದಲ್ಲಿ ಇಂದಿನ ಹಾಸ್ಟೆಲಿನ ಕೋಣೆಯೂ ಕಾಣಿಸುತ್ತದೆ. ಚಂದದ ಕೊಳವೆ, "ಅವರೆಲ್ಲ ಮಾಡತಾರಲ್ಲ" ಎಂಬ ವಾದ, ಒಂದು ಸಲ ನೋಡೋಣವೆಂಬ ಕುತೂಹಲ. ವಸ್ತುವಿಗಿಂತ ಮೊದಲು ಬರುವುದು ಅದರ ಚಂದ. ಬೆಂಗಳೂರಿಗೆ ಇಂಜಿನಿಯರಿಂಗಿಗೋ ನೌಕರಿಗೋ ಹೋದ ಹಿರಿಯ ಹುಡುಗರು ಊರಿಗೆ ಬಂದಾಗ ಹೇಳುವ ಕತೆಗಳಲ್ಲಿ ಇರುವುದೂ ಈ ಚಂದವೇ: ತಾಮ್ರದ ಬಣ್ಣದ ದೊಡ್ಡ ದೊಡ್ಡ ಹಂಡೆಗಳು, ಮರದ ಮೇಜು, ಸಂಗೀತ, ಅಲ್ಲಿಯೇ ತಯಾರಾಗಿ ಅಲ್ಲಿಯೇ ಲೋಟಕ್ಕೆ ಬೀಳುವ ಬೀರು.

ಬೆಂಗಳೂರಿಗೂ ಬೀರಿಗೂ ಇರುವ ನಂಟು ಹಳೆಯದು. ದಂಡಿನ ಸೈನಿಕರಿಗೆ ಬೀರು ಬೇಕಿತ್ತು. ದಕ್ಷಿಣ ಭಾರತದ ಐದು ಸಣ್ಣ ಭಟ್ಟಿಗಳನ್ನು ಕೂಡಿಸಿ ಸ್ಕಾಟ್‌ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೇಶ ಸ್ವತಂತ್ರವಾಗುವ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು. 1980ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರು ಪಬ್ಬುಗಳ ಊರೆಂದು ಹೆಸರಾಯಿತು. ಅಲ್ಲಿಯೇ ಕುದಿಸಿ, ಅಲ್ಲಿಯೇ ಹುಳಿಸಿ, ಅಲ್ಲಿಯೇ ಮಾರುವ ಮೈಕ್ರೊಬ್ರೂವರಿಗಳು 2010ರ ನಂತರ ಬಂದವು. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡಿನ ಕಡೆಗೆ ಅವು ಒಂದರ ಬೆನ್ನಿಗೊಂದು ತಲೆಯೆತ್ತಿದವು.

ಅಲ್ಲಿ ನಡೆಯುವುದೇನು? ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಮನೆಯಲ್ಲಿ ಹೆಸರುಕಾಳಿಗೆ ಮೊಳಕೆ ಬರಿಸುವ ಹಾಗೆಯೇ. ಮಾಲ್ಟನ್ನು ತರಿಯಾಗಿ ಒಡೆದು 65 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿನೀರಿನಲ್ಲಿ ಇಟ್ಟರೆ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಡುತ್ತಾರೆ. ಉಳಿದ ಕೆಲಸ ಯೀಸ್ಟಿನದು. ಧಾನ್ಯ ಬಾರ್ಲಿಯೇ ಆಗಬೇಕೆಂದೂ ಇಲ್ಲ. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಲ್ಲಿಸಿದಾಗ ಅಲ್ಲಿಯ ಕಾರ್ಖಾನೆಗಳು ಜೋಳದಿಂದ ಬೀರು ಮಾಡಲು ಕಲಿತವು. ಬಿಳಿಜೋಳದ ರೊಟ್ಟಿಯಲ್ಲಿ ಬೆಳೆದ ವಿಜಯಪುರದ ಹುಡುಗನಿಗೆ ಇದು ಸೋಜಿಗವೆನಿಸಬಹುದು.

ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನೂ ತಿಳಿಯಬೇಕು. ಬೀರಿನ ಭಟ್ಟಿಗಳಿಂದ ಜಗತ್ತಿಗೆ ಬಂದುದು ಬರೀ ಬೀರಲ್ಲ. ಯಂತ್ರದ ಕೆಲಸಕ್ಕೂ ಶಾಖಕ್ಕೂ ಇರುವ ಲೆಕ್ಕವನ್ನು ಕಂಡುಹಿಡಿದ, ಶಕ್ತಿಯ ಮಾನಕ್ಕೆ ತನ್ನ ಹೆಸರು ಕೊಟ್ಟ ಜೇಮ್ಸ್ ಜೂಲ್ ಇಂಗ್ಲೆಂಡಿನ ಒಬ್ಬ ಬೀರು ತಯಾರಕನ ಮಗ. ಲೂಯಿ ಪಾಶ್ಚರ್ 1876ರಲ್ಲಿ ಬೀರು ಕೆಡುವ ಕಾರಣವನ್ನು ಕುರಿತೇ ಒಂದು ಗ್ರಂಥ ಬರೆದ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ. ಅದೇ ಪ್ರಯೋಗಾಲಯದಲ್ಲಿ 1909ರಲ್ಲಿ ಸೋರೆನ್ಸನ್ ಆಮ್ಲ-ಕ್ಷಾರವನ್ನು ಅಳೆಯುವ ಪಿಎಚ್ ಮಾನವನ್ನು ರೂಪಿಸಿದ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬಿಜ್ಜರಗಿಯ ರೈತ ಓದುವ ಪಿಎಚ್ ಅದೇ. ಇನ್ನು ಡಬ್ಲಿನ್ನಿನ ಗಿನ್ನೆಸ್ ಭಟ್ಟಿಯಲ್ಲಿ ನೌಕರಿಗಿದ್ದ ವಿಲಿಯಂ ಗಾಸೆಟ್. ಬಾರ್ಲಿಯ ನಾಲ್ಕಾರು ಮಾದರಿಗಳನ್ನಷ್ಟೇ ನೋಡಿ ಇಡೀ ಬೆಳೆಯ ಬಗೆಗೆ ಎಷ್ಟು ಧೈರ್ಯವಾಗಿ ಹೇಳಬಹುದೆಂಬ ಲೆಕ್ಕವನ್ನು ಅವನು 1908ರಲ್ಲಿ ಪ್ರಕಟಿಸಿದ. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿಯ ಒಪ್ಪಿಗೆ ಇರಲಿಲ್ಲ. ಅವನು ಇಟ್ಟುಕೊಂಡ ಹೆಸರು ಸ್ಟೂಡೆಂಟ್, ಅಂದರೆ ವಿದ್ಯಾರ್ಥಿ. ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಅದು ಸ್ಟೂಡೆಂಟನ ಟಿ-ಪರೀಕ್ಷೆ ಎಂದೇ ಇದೆ.

ಆ ಹಂಡೆಗಳನ್ನು ಕಂಡು ಆಸಕ್ತಿ ಹುಟ್ಟಿದರೆ ಅದು ತಪ್ಪಲ್ಲ. ಹುದುಗುವಿಕೆ ಒಂದು ವಿದ್ಯೆ. ಇಡ್ಲಿಯ ಹಿಟ್ಟಿಗೂ ಔಷಧಿ ಕಾರ್ಖಾನೆಗೂ ಅದು ಬೇಕು. ಆಹಾರ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ತೋಟಗಾರಿಕೆ ಎಲ್ಲಕ್ಕೂ ಅದು ದಾರಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಪುಣೆಯಲ್ಲಿ ದ್ರಾಕ್ಷಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಹಂಡೆಯ ಒಳಗೆ ಏನು ನಡೆಯುತ್ತದೆಂದು ತಿಳಿಯಲು ಅದನ್ನು ಕುಡಿಯಲೇಬೇಕೆಂದಿಲ್ಲ, ಅಷ್ಟೆ.

ಕುಡಿದರೆ ಒಳಗೆ ಏನು ನಡೆಯುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕು. "ಬೀರಂದ್ರ ಏನೂ ಅಲ್ಲೋ, ಅದರಾಗ ಏನಿರತೈತಿ?" ಎಂಬುದು ಹಾಸ್ಟೆಲುಗಳಲ್ಲಿ ಬಹಳ ಕೇಳಿಬರುವ ಮಾತು. ಲೆಕ್ಕ ಹಾಕಿ ನೋಡಬಹುದು. ಸ್ಟ್ರಾಂಗ್ ಎಂದು ಮಾರುವ ಬೀರಿನಲ್ಲಿ ಶೇಕಡ 8ರವರೆಗೆ ಆಲ್ಕೊಹಾಲ್ ಇರುತ್ತದೆ. 650 ಮಿಲಿಲೀಟರಿನ ಅಂಥ ಒಂದು ಬಾಟಲಿಯಲ್ಲಿ 52 ಮಿಲಿಲೀಟರ್, ತೂಕದಲ್ಲಿ ಸುಮಾರು 41 ಗ್ರಾಂ. 60 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 20 ಗ್ರಾಂ. ಅಂದರೆ ಏನೂ ಅಲ್ಲದ ಆ ಒಂದು ಬಾಟಲಿ ಎರಡು ದೊಡ್ಡ ಪೆಗ್ಗಿಗೆ ಸಮ. ಯಕೃತ್ತು ಒಂದು ತಾಸಿಗೆ ಕರಗಿಸಬಲ್ಲದ್ದು ಎಂಟು ಗ್ರಾಮಿನ ಆಸುಪಾಸು. ಒಂದು ಬಾಟಲಿಗೆ ಐದಾರು ತಾಸು ಬೇಕು. ತಣ್ಣೀರು ಸ್ನಾನ, ಲಿಂಬೆಹಣ್ಣು, ಖಡಕ್ ಕಾಫಿ ಇವು ಯಾವುದೂ ಆ ವೇಗವನ್ನು ಹೆಚ್ಚಿಸಲಾರವು. ಕಾಫಿಯಿಂದ ಕುಡಿದವನ ನಿದ್ದೆ ಹೋಗುತ್ತದೆ, ಅಮಲು ಹೋಗುವುದಿಲ್ಲ. ತಾನು ಹುಷಾರಾದೆನೆಂಬ ಭ್ರಮೆಯೊಂದು ಹೆಚ್ಚುವರಿ.

ಆಲ್ಕೊಹಾಲು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ಗುರುತಿಸಿತ್ತು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಮನುಷ್ಯನ ಮಿದುಳಿನಲ್ಲಿ ವಿವೇಚನೆಯ ಭಾಗ ಪೂರ್ತಿ ಬಲಿಯುವುದು 25ರ ಸುಮಾರಿಗೆ. ಅಷ್ಟರೊಳಗೆ ಶುರುಮಾಡಿದವರಿಗೆ ಮುಂದೆ ಚಟ ಅಂಟುವ ಸಂಭವ ಹೆಚ್ಚು.

ಕಾನೂನು ಏನು ಹೇಳುತ್ತದೆ? ಗಡಿಯ ಊರಿನವರಿಗೆ ಇದು ಮೂರು ಬಗೆ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಅದನ್ನು 18ಕ್ಕೆ ಇಳಿಸುವ ಕರಡೊಂದು 2023ರಲ್ಲಿ ಹೊರಬಿದ್ದು, ಜನರ ವಿರೋಧದಿಂದ ಹಿಂದಕ್ಕೆ ಹೋಯಿತು. ಪಶ್ಚಿಮಕ್ಕೆ ಗಡಿ ದಾಟಿ ಜತ್ತ ತಾಲ್ಲೂಕಿಗೆ ಕಾಲಿಟ್ಟರೆ ಮಹಾರಾಷ್ಟ್ರ. ಅಲ್ಲಿ ಬೀರಿಗೆ 21, ವಿಸ್ಕಿ-ರಮ್ಮುಗಳಿಗೆ 25, ಅದರ ಮೇಲೆ ಪರವಾನಗಿಯೂ ಬೇಕು. ಗೋವೆಯಲ್ಲಿ 18. ಹುಡುಗರ ಪ್ರವಾಸದ ನಕ್ಷೆಯಲ್ಲಿ ಗೋವೆ ಮೊದಲು ಬರುವುದಕ್ಕೆ ಸಮುದ್ರ ಒಂದೇ ಕಾರಣವಲ್ಲ ಎಂದು ಅಪ್ಪನಿಗೆ ಅನ್ನಿಸಿದರೆ ಅದು ಬರೀ ಸಂಶಯದ ಮಾತಲ್ಲ. 18 ತುಂಬದವರಿಗೆ ಮದ್ಯ ಕೊಡುವುದಂತೂ ದೇಶದೆಲ್ಲೆಡೆ ಅಪರಾಧ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ.

ರಾಜ್ಯ ಬದಲಾದರೆ ವಯಸ್ಸಿನ ಲೆಕ್ಕ ಬದಲಾಗುತ್ತದೆ, ರಸ್ತೆಯ ಲೆಕ್ಕ ಬದಲಾಗುವುದಿಲ್ಲ. ಮೋಟಾರು ವಾಹನ ಕಾಯಿದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಕೊಹಾಲಿದ್ದರೆ ಗಾಡಿ ಓಡಿಸುವುದು ಅಪರಾಧ. 60 ಕಿಲೊ ತೂಕದ ಹುಡುಗ ಮೇಲೆ ಹೇಳಿದ ಆ ಒಂದು ಸ್ಟ್ರಾಂಗ್ ಬಾಟಲಿಯನ್ನು ಬೇಗ ಮುಗಿಸಿದರೆ ಈ ಮಿತಿಯ ಎರಡು-ಮೂರು ಪಟ್ಟಿಗೆ ಹೋಗಿಬಿಡುತ್ತಾನೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಅಪ್ರಾಪ್ತ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಅವನು ಅಪರಾಧ ಮಾಡಿದರೆ ಪಾಲಕರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಮಗನಿಗೆ 25 ತುಂಬುವತನಕ ಲೈಸೆನ್ಸಿನ ಆಸೆ ಇಲ್ಲ. ದಂಡ ಕಟ್ಟಿ ಬರಬಹುದು. ರಾತ್ರಿಯ ಹೆದ್ದಾರಿಯಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದವನಿಗೆ ಕಟ್ಟಿ ಬರುವ ದಂಡ ಯಾವುದೂ ಇಲ್ಲ. ಕುಡಿದು ಸಮುದ್ರಕ್ಕೆ ಇಳಿದವನಿಗೂ ಇಲ್ಲ.

ಇಷ್ಟನ್ನೂ ಓದಿ ತಿಳಿದ ಹುಡುಗನೇ ನಾಲ್ವರ ನಡುವೆ ಕೂತಾಗ ಕೈ ಮುಂದೆ ಮಾಡುತ್ತಾನಲ್ಲ, ಯಾಕೆ? ತಿಳುವಳಿಕೆ ಕಡಿಮೆಯಾಗಿ ಅಲ್ಲ. "ಅವ್ವನ ಮಗ" ಎಂದು ನಕ್ಕಾರೆಂಬ ಹೆದರಿಕೆಯಿಂದ. ಹಾಸ್ಟೆಲಿನಲ್ಲಿ ಹೊಸಬ, ಊರಿನ ಮಾತಿನ ಗತ್ತು ಬೇರೆ, ಒಂದು ಲೋಟ ಹಿಡಿದರೆ ಗುಂಪಿನಲ್ಲಿ ಒಬ್ಬನಾಗುತ್ತೇನೆಂಬ ಆಸೆ. ಇಂಥ ಗಳಿಗೆಯಲ್ಲಿ ದೊಡ್ಡ ಭಾಷಣ ಉಪಯೋಗಕ್ಕೆ ಬಾರದು, ಮೊದಲೇ ಸಿದ್ಧ ಮಾಡಿಕೊಂಡ ಸಣ್ಣ ಮಾತು ಬರುತ್ತದೆ. "ನಾ ಒಲ್ಲೆ, ನೀವು ನಡಸ್ರಿ" ಎಂದು ನಗುತ್ತ ಒಂದು ಸಲ ಹೇಳಿದರೆ ಸಾಕು. ಕಾರಣ ಕೊಡಬೇಕಾಗಿಲ್ಲ. ಕಾರಣ ಕೊಟ್ಟರೆ ಅದನ್ನು ಮುರಿಯುವ ವಾದ ಹುಟ್ಟುತ್ತದೆ. ಲೋಟದಲ್ಲಿ ಲಿಂಬು ಸೋಡಾ ಹಿಡಿದು ಕೂತವನನ್ನು ಅರ್ಧ ತಾಸಿನ ಮೇಲೆ ಯಾರೂ ಗಮನಿಸುವುದಿಲ್ಲ. ಗಮನಿಸಿ ಗಮನಿಸಿ ಕಾಡುವವರು ದೋಸ್ತರಲ್ಲ ಎಂಬುದೂ ಆ ಪ್ರವಾಸದಲ್ಲಿ ಕಲಿತ ಪಾಠವೇ ಆಯಿತು.

ಪಾಲಕರಿಗೂ ಎರಡು ಮಾತು. ಒಂದು, ಮನೆಯಲ್ಲಿ ಕಂಡದ್ದನ್ನು ಮಕ್ಕಳು ಪಾಠಕ್ಕಿಂತ ಬೇಗ ಕಲಿಯುತ್ತಾರೆ. ಜಾತ್ರೆಯ ರಾತ್ರಿ ಅಪ್ಪ ತೂರಾಡುತ್ತ ಬಂದು, ಮರುದಿನ ಮಗನಿಗೆ ಬುದ್ಧಿ ಹೇಳಿದರೆ ಮಗ ಕೇಳುವುದು ಬುದ್ಧಿಯನ್ನಲ್ಲ, ರಾತ್ರಿಯನ್ನು ನೆನೆಯುತ್ತಾನೆ. ಅಂಗಡಿಯಿಂದ ಬಾಟಲಿ ತರಲು ಹುಡುಗನನ್ನು ಕಳಿಸುವ ಮನೆಗಳು ಇನ್ನೂ ಇವೆ. ಕರ್ನಾಟಕ 2007ರ ಜುಲೈ 1ರಂದು ಸಾರಾಯಿಯನ್ನು ನಿಲ್ಲಿಸಿತು. ಆಗ ಹಳ್ಳಿಯ ಹೆಣ್ಣುಮಕ್ಕಳು ಬಿಟ್ಟ ನಿಟ್ಟುಸಿರಿನ ಅರ್ಥ ಇಂದಿನ ಹುಡುಗರಿಗೆ ಗೊತ್ತಿಲ್ಲ. ಅಂದು ಸಾರಾಯಿ ಕುಡಿಯುವುದು ನಾಚಿಕೆಯಾಗಿತ್ತು, ಇಂದು ಬೀರು ಕುಡಿಯುವುದು ಫ್ಯಾಶನ್ ಆಗಿದೆ. ಲೋಟ ಬದಲಾಗಿದೆ, ಒಳಗಿನ ಅಣು ಅದೇ.

ಎರಡನೆಯದು ಇದಕ್ಕಿಂತ ಮುಖ್ಯ. ಮಗನಾಗಲಿ ಮಗಳಾಗಲಿ ಹೊರಡುವ ಮೊದಲು ಒಂದು ಕರಾರು ಆಗಿರಬೇಕು: "ಎಷ್ಟೇ ರಾತ್ರಿ ಆಗಲಿ, ಏನೇ ಆಗಿರಲಿ, ಫೋನ್ ಮಾಡು. ನೀ ಕುಡದಿದ್ರೂ ಮಾಡು, ಗಾಡಿ ಹೊಡ್ಯಾಂವ ಕುಡದಿದ್ರೂ ಮಾಡು. ಬೈಯೂದು ಬೆಳಿಗ್ಗೆ ನೋಡೂಣು." ಅಪ್ಪ ಬೈದಾನೆಂಬ ಹೆದರಿಕೆಯಿಂದ ಕುಡಿದವನ ಬೈಕಿನ ಹಿಂದೆ ಹತ್ತಿದ ಹುಡುಗರು ಎಷ್ಟೋ. ಆ ಹೆದರಿಕೆಯನ್ನು ತೆಗೆಯುವುದು ಅಪ್ಪನ ಕೈಯಲ್ಲಿದೆ. ಮಗ ಆಗಲೇ ಚಟಕ್ಕೆ ಬಿದ್ದಿದ್ದಾನೆಂದು ತೋರಿದರೆ ಬಡಿದು ಫಲವಿಲ್ಲ. ಅದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹೊತ್ತುಗೊತ್ತಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಹಾಗಾದರೆ ದೋಸ್ತರ ಕೂಡ ತಿರುಗಾಟವೇ ಬೇಡವೇ? ಬೇಕು. ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ನಾಲ್ಕು ಜನ ಕೂಡಿ ತಿರುಗಿದ ಊರುಗಳ ನೆನಪು ಐವತ್ತರಲ್ಲಿಯೂ ಮನಸ್ಸನ್ನು ಬೆಚ್ಚಗಿಡುತ್ತದೆ. ಆದರೆ ತಿರುಗಾಟಕ್ಕೆ ಗೋವೆಯೇ ಆಗಬೇಕೆಂದಿಲ್ಲ. ಜಗತ್ತಿನ ಜನ ಹುಡುಕಿಕೊಂಡು ಬರುವ ಜಾಗಗಳ ಮಗ್ಗುಲಲ್ಲಿಯೇ ಇದ್ದು, ಪ್ರಾಥಮಿಕ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕೂಗಿ ಬಂದುದನ್ನು ಬಿಟ್ಟರೆ ಏನನ್ನೂ ನೋಡದ ಹುಡುಗರು ವಿಜಯಪುರ ಜಿಲ್ಲೆಯಲ್ಲಿ ಬಹಳ.

ಒಂದು ದಿನದ ಮಾತು. ಬೆಳಗಿನ ಮೊದಲ ಹೊತ್ತಿಗೆ, ಗದ್ದಲ ಶುರುವಾಗುವ ಮುಂಚೆ ಗೋಳಗುಮ್ಮಟ ಹತ್ತಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿ ಇದು. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿ ಹಾಯುವ ಕಮಾನುಗಳು ಅದರ ಭಾರವನ್ನು ಗೋಡೆಗೆ ಇಳಿಸುವ ಬಗೆಯನ್ನು ಕತ್ತೆತ್ತಿ ನೋಡಬೇಕು. ಸಿವಿಲ್ ಓದುವವನಿಗೆ ಒಂದು ಪಾಠವೇ ಅಲ್ಲಿದೆ. ಮೇಲೆ ಹೋಗಿ ಕೂಗುವುದು ಎಲ್ಲರಿಗೂ ಗೊತ್ತು. ಒಬ್ಬ ಈಚೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಬೇಕು, ಇನ್ನೊಬ್ಬ ಆಚೆ ಗೋಡೆಗೆ ಕಿವಿಗೊಡಬೇಕು. ಕೂಗಿಗಿಂತ ಪಿಸುಮಾತು ಸೊಗಸು.

ಅಲ್ಲಿಂದ ಪೂರ್ವಕ್ಕೆ ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೊಮೀಟರ್ ಹೋದರೆ ಕುಮಟಗಿ. ಆದಿಲಶಹಿ ಅರಸರು ಬೇಸಿಗೆಯಲ್ಲಿ ವಿಹಾರಕ್ಕೆ ಬರುತ್ತಿದ್ದ ಜಾಗ. ಕೆರೆಯ ಮಗ್ಗುಲಿಗೆ ಸಣ್ಣ ಸಣ್ಣ ಮಂಟಪಗಳು, ಕೊಳವೆಗಳಲ್ಲಿ ನೀರು ಹತ್ತಿಸಿ ಮೇಲಿನಿಂದ ತುಂತುರು ಸುರಿಸುತ್ತಿದ್ದ ಏರ್ಪಾಡು, ಗೋಡೆಯ ಮೇಲೆ ಕುದುರೆಯೇರಿ ಚೆಂಡಾಡುವವರ, ಕುಸ್ತಿ ಹಿಡಿಯುವವರ ಮಾಸಿದ ಚಿತ್ರಗಳು. ಬಿರುಬಿಸಿಲಿನ ಸೀಮೆಯಲ್ಲಿ ದೊರೆಗಳಿಗೂ ಬೇಕಾದದ್ದು ಕೊನೆಗೆ ನೀರು, ನೆರಳು, ನಾಲ್ಕು ಜನ ಸಂಗಡಿಗರು.

ಹಿಂದಕ್ಕೆ ಬಂದು ಇಬ್ರಾಹಿಂ ರೋಜಾ ನೋಡಿ, ಸಂಜೆಗೆ ಪಶ್ಚಿಮದ ದಾರಿ ಹಿಡಿದರೆ ತೊರವಿ. ಇಲ್ಲಿಯ ನರಸಿಂಹನ ಅಂಕಿತದಲ್ಲಿಯೇ ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದ. ಸಂಗೀತಪ್ರೇಮಿ ಇಬ್ರಾಹಿಂ ಆದಿಲಶಹ 1599ರ ಸುಮಾರಿಗೆ ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ಹೊರಟದ್ದೂ ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಹರಿದುಹೋಗುತ್ತಿದ್ದುದೂ ಈ ಕಡೆಯಿಂದಲೇ. ಇಂದು ಏತ ನೀರಾವರಿಯ ಪೈಪು ನೋಡುವ ಹುಡುಗ ಆ ಹಳೆಯ ಸುರಂಗವನ್ನೂ ಒಮ್ಮೆ ನೋಡಬೇಕು. ನೀರಿಗಾಗಿ ಈ ನೆಲ ಪಟ್ಟ ಪಾಡು ನಿನ್ನೆ ಮೊನ್ನೆಯದಲ್ಲ.

ಅದೇ ದಾರಿ ಮುಂದೆ ತಿಕೋಟಾಕ್ಕೆ ಹೋಗುತ್ತದೆ, ತಿಕೋಟಾದಿಂದ ಬಿಜ್ಜರಗಿಗೆ. ಬೇರೆ ಊರಿನ ದೋಸ್ತರನ್ನು ಮನೆಗೆ ಕರೆತಂದರೆ ಅವ್ವ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸುತ್ತಾಳೆ. ಬೆಳಿಗ್ಗೆ ಪಡದಲ್ಲಿ ಸುತ್ತಾಡಿ, ಶೆಡ್ಡಿನಲ್ಲಿ ಒಣಗುವ ಮನೂಕದ ವಾಸನೆ ಹಿಡಿದು, ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ, ಬೆಂಗಳೂರಿನ ಹುಡುಗನಿಗೆ ಅದು ಯಾವ ಹಂಡೆಯ ಬೀರಿಗಿಂತಲೂ ಹೊಸದು. "ನಮ್ಮೂರಾಗ ಏನೈತಿ ನೋಡಾಕ" ಎಂದು ನಾಚುತ್ತಿದ್ದ ಮಗ ಅಂದು ಮೊದಲ ಸಲ, ಚಾಟ್ನಿಯೆಂದರೇನು, ಔಷಧಿ ಯಾವಾಗ ಹೊಡೆಯುತ್ತಾರೆ ಎಂದು ದೋಸ್ತರಿಗೆ ವಿವರಿಸುತ್ತಾನೆ. ಅರ್ಧಕ್ಕೆ ತಡವರಿಸಿ ಅಪ್ಪನ ಕಡೆ ನೋಡುತ್ತಾನೆ. ಉಳಿದರ್ಧ ಅಪ್ಪ ಹೇಳುತ್ತಾನೆ.

ಒಮ್ಮೆ ಹೀಗೆ ಮಾತು ಕೂಡಿದರೆ, ಮೊದಲು ನಿಂತುಹೋದ ಆ ಮಾತನ್ನೂ ಮುಂದುವರಿಸಬಹುದು.

"ಸಮುದ್ರ ಅಷ್ಟ ಐತೇನು?"

"ಇಲ್ಲಪಾ. ಅಲ್ಲಿ ಕುಡ್ಯಾವ್ರೂ ಇರತಾರ. ನಮ್ಮ ಪೈಕಿನೂ ಇಬ್ಬರು ಕುಡೀಬೌದು. ನಾ ಒಲ್ಲೆ ಅಂತ ಹೇಳೀನಿ."

ಅಪ್ಪ ತುಸು ಹೊತ್ತು ಸುಮ್ಮನಿರುತ್ತಾನೆ. ಹೆಗಲ ಮೇಲಿನ ಟವೆಲ್ಲು ಅಲ್ಲಿಯೇ ಇರುತ್ತದೆ.

"ಗಾಡಿ ಯಾರು ಹೊಡೀತೀರಿ?"

"ಗಾಡಿ ಒಯ್ಯಂಗಿಲ್ಲ. ಬಸ್ಸಿಗೆ ಹೋಗ್ತೀವಿ."

"ಹಂಗಾರ ಕುಂದ್ರು. ಎಷ್ಟ್ ರೊಕ್ಕ ಬೇಕು, ಅದನ್ನರ ಹೇಳು."